ತಾಯಿಹಾಲು: ಕಾಯಿಸದೆ ಕಾಪಾಡುವ ಬಗೆ

ಮಗುವಿಗೆ ಆರು ತಿಂಗಳು ತುಂಬುವ ಹೊತ್ತಿಗೆ ಹೈದರಾಬಾದಿನ ಅನೇಕ ಕನ್ನಡ ಮನೆಗಳಲ್ಲಿ ಒಂದು ಚಿಂತೆ ತಲೆದೋರುತ್ತದೆ. 26 ವಾರಗಳ ಹೆರಿಗೆ ರಜೆ ಮುಗಿದು ತಾಯಿ ಮಾಧಾಪುರದ ಕಚೇರಿಗೆ ಹೊರಡಬೇಕು. ಮಗುವನ್ನು ನೋಡಿಕೊಳ್ಳಲು ರಾಯಚೂರಿನಿಂದಲೋ ಕಲಬುರಗಿಯಿಂದಲೋ ಅಜ್ಜಿ ಬಂದಿರುತ್ತಾರೆ. ತಾಯಿ ಹಿಂಡಿಟ್ಟು ಹೋದ ಹಾಲನ್ನು ಅಜ್ಜಿ ಒಲೆಯ ಮೇಲಿಟ್ಟು ಉಕ್ಕಿಸಿಬಿಡುವುದುಂಟು. ಹಸುವಿನ ಹಾಲನ್ನು ಕಾಯಿಸದೆ ಕೊಡಬಾರದೆಂಬ ಅವರ ಅನುಭವ ಸರಿಯಾದುದೇ. ಆದರೆ ಆ ನಿಯಮ ತಾಯಿಹಾಲಿಗೆ ಸಲ್ಲದು. ಕುದಿಸಿದರೆ ಮಗುವನ್ನು ರೋಗಗಳಿಂದ ರಕ್ಷಿಸುವ ಅಂಶಗಳು ನಾಶವಾಗುತ್ತವೆ. ತಾಯಿಹಾಲನ್ನು ಕಾಪಾಡತಕ್ಕವು ಎರಡು: ಶುಚಿತ್ವ ಮತ್ತು ತಂಪು.

ಹಾಲನ್ನು ಹಿಂಡುವ ಮೊದಲು ಕೈಗಳನ್ನು ಸಾಬೂನಿನಿಂದ ತೊಳೆಯಬೇಕು. ಮುಚ್ಚಳವುಳ್ಳ, ಕುದಿನೀರಿನಲ್ಲಿ ಶುದ್ಧಗೊಳಿಸಿದ ಪಾತ್ರೆಗಳಲ್ಲಿ 60ರಿಂದ 120 ಮಿಲಿಲೀಟರಿನಂತೆ ತುಂಬಿ, ಮೇಲೆ ತಾರೀಖು ಬರೆಯಬೇಕು. 25 ಡಿಗ್ರಿ ಸೆಲ್ಸಿಯಸ್ ಮೀರದ ಕೋಣೆಯಲ್ಲಿ ಹಾಲು 4 ಗಂಟೆ ಕೆಡದು. ಹೈದರಾಬಾದಿನ ಬೇಸಿಗೆ 40 ಡಿಗ್ರಿ ಮುಟ್ಟುವಾಗ ಈ ಲೆಕ್ಕವನ್ನು ನಂಬದೆ ಕೂಡಲೇ ಫ್ರಿಜ್ಜಿನಲ್ಲಿಡುವುದು ಕ್ಷೇಮ. 4 ಡಿಗ್ರಿಯಲ್ಲಿ ಅದು 4 ದಿನ, ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ 6 ತಿಂಗಳು ಉಳಿಯುತ್ತದೆ. ಪದೇ ಪದೇ ತೆರೆಯುವ ಬಾಗಿಲಿನ ಅರೆಯಲ್ಲಿಡದೆ ಒಳಬದಿಗೆ ಇಡಬೇಕು. ಅವಧಿಗೆ ಮುನ್ನ ಹುಟ್ಟಿದ ಅಥವಾ ಅಸ್ವಸ್ಥ ಶಿಶುವಿನ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಮೊದಲು ಇಟ್ಟುದನ್ನು ಮೊದಲು ಬಳಸಬೇಕು. ಮಂಜುಗಡ್ಡೆಯಾದ ಹಾಲನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಭಾಗಕ್ಕೆ ಇಳಿಸಿ, ಪೂರ್ತಿ ಕರಗಿದ ಮೇಲೆ 24 ಗಂಟೆಗಳೊಳಗೆ ಮುಗಿಸಬೇಕು. ಅವಸರವಿದ್ದರೆ ಪಾತ್ರೆಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಸಾಕು. ಮೈಕ್ರೋವೇವ್ ಒಲೆ ಕೂಡದು. ಅದರಲ್ಲಿ ಹಾಲು ಅಲ್ಲಲ್ಲಿ ಅತಿಯಾಗಿ ಬಿಸಿಯಾಗಿ ಮಗುವಿನ ಬಾಯಿ ಸುಡಬಹುದು. ಕೆನೆ ಬೇರ್ಪಟ್ಟು ಮೇಲೆ ತೇಲಿದರೆ ಹಾಲು ಒಡೆಯಿತೆಂದು ಚೆಲ್ಲಬೇಕಾಗಿಲ್ಲ. ಪಾತ್ರೆಯನ್ನು ಮೆಲ್ಲನೆ ತಿರುಗಿಸಿದರೆ ಬೆರೆಯುತ್ತದೆ. ಬೆಚ್ಚಗೆ ಮಾಡಿದ ಹಾಲನ್ನು 2 ಗಂಟೆಗಳೊಳಗೆ ಕೊಡಬೇಕು. ಕರಗಿದುದನ್ನು ಮತ್ತೆ ಗಡ್ಡೆಕಟ್ಟಿಸಬಾರದು. ಆದರೆ ವಿದ್ಯುತ್ತು ಹೋಗಿ ಬಂದಾಗ ಮಂಜಿನ ಹರಳುಗಳು ಇನ್ನೂ ಉಳಿದಿದ್ದರೆ ದೋಷವಿಲ್ಲ.

ಕುಡಿಸಲು ನಮ್ಮ ಹಳೆಯ ಒಳಲೆಯೇ ಸಾಕು, ಶುಚಿಗೊಳಿಸುವುದೂ ಸುಲಭ. ಮಗು ಕುಡಿದು ಉಳಿಸಿದ ಹಾಲನ್ನು 2 ಗಂಟೆಗಳ ಮೇಲೆ ಇಟ್ಟುಕೊಳ್ಳಬಾರದು. ಅಮೃತವನ್ನು ಚೆಲ್ಲಲು ಅಜ್ಜಿಯ ಮನಸ್ಸು ಒಪ್ಪದು. ಆದುದರಿಂದಲೇ ಸ್ವಲ್ಪ ಸ್ವಲ್ಪವಾಗಿ ತುಂಬಿಡುವುದು ಜಾಣತನ.

ಹೈದರಾಬಾದಿನ ನಿಲೋಫರ್ ಆಸ್ಪತ್ರೆಯಲ್ಲಿ 2017ರಲ್ಲಿ ‘ಧಾತ್ರಿ’ ಎಂಬ ತಾಯಿಹಾಲಿನ ಬ್ಯಾಂಕು ಆರಂಭವಾಯಿತು. ಇಂತಹ ಬ್ಯಾಂಕುಗಳಲ್ಲಿ ಹಾಲನ್ನು ಬಿಸಿಮಾಡುವರಲ್ಲ ಎಂದು ಕೆಲವರು ಕೇಳಬಹುದು. ಅಲ್ಲಿ ಒಬ್ಬ ತಾಯಿಯ ಹಾಲು ಮತ್ತೊಬ್ಬರ ದುರ್ಬಲ ಶಿಶುವಿಗೆ ಸಲ್ಲುವುದರಿಂದ 62.5 ಡಿಗ್ರಿಯಲ್ಲಿ 30 ನಿಮಿಷ ಕಾಯಿಸಿ, ತಟ್ಟನೆ ತಣಿಸುತ್ತಾರೆ. ಅಲ್ಲಿಯೂ ಹಾಲನ್ನು ಕುದಿಯಗೊಡುವುದಿಲ್ಲ. ಸ್ವಂತ ಮಗುವಿಗೆ ಅದೂ ಬೇಕಿಲ್ಲ.

ರಾಗಿಮಣ್ಣಿ, ಅನ್ನಬೇಳೆ ಆರಂಭವಾದ ಮೇಲೂ ತಾಯಿಹಾಲು 2 ವರ್ಷ ಹಾಗೂ ಅದರಾಚೆಗೂ ಹಿತಕರ. ಕೆಲಸಕ್ಕೆ ಹೊರಡುವ ಮುನ್ನ ತಾಯಿ ಈ ನಾಲ್ಕು ಮಾತುಗಳನ್ನು ಅಜ್ಜಿಗೆ ವಿನಯದಿಂದ ತಿಳಿಸಿದರೆ, ಇಬ್ಬರ ಅಕ್ಕರೆಯೂ ಮಗುವಿಗೆ ದಕ್ಕುವುದು.