ಎಳೆ ಅಂಗೈಗೆ ಜಡ್ಡು ಯಾಕೆ?

ಕುಡುಗೋಲು ಹಿಡಿದ ಕೈಗೆ ಜಡ್ಡು ಬರುತ್ತದೆ. ಬರಿಗಾಲಲ್ಲಿ ನಡೆದರೆ ಹಿಮ್ಮಡಿ ಒಡೆಯುತ್ತದೆ. ಇದು ನಮಗೆಲ್ಲ ಗೊತ್ತು. ಆದರೆ ಎಳೆ ಮಗುವಿಗೆ ಜಡ್ಡು ಯಾಕೆ? ಅದು ಕಳೆ ಕಿತ್ತಿಲ್ಲ, ಕಲ್ಲು ಹೊತ್ತಿಲ್ಲ.

ಕೆಲವು ಮಕ್ಕಳಿಗೆ ಹಾಗೂ ಆಗುತ್ತದೆ. ಹುಟ್ಟಿದ ಕೆಲವು ತಿಂಗಳಲ್ಲೋ, ಕೆಲವು ವರ್ಷದಲ್ಲೋ ಅಂಗೈ, ಅಂಗಾಲು ಕೆಂಪಾಗುತ್ತವೆ. ಆಮೇಲೆ ಚರ್ಮ ಹಳದಿಯಾಗಿ ದಪ್ಪವಾಗುತ್ತದೆ. ಒಡೆದರೆ ರಕ್ತ ಬರುತ್ತದೆ. ಇದಕ್ಕೆ ಡಾಕ್ಟರು ಕೆರಟೋಡರ್ಮ ಅಂತಾರೆ. ಹೆಸರು ದೊಡ್ಡದು. ಕಾಯಿಲೆ ಅಪರೂಪ.

ನಮ್ಮ ಚರ್ಮ ಒಳಗಿನಿಂದ ಹುಟ್ಟಿ ಮೇಲೆ ಬರುತ್ತದೆ. ಹಳೇ ಪದರ ಉದುರಿ ಹೋಗುತ್ತದೆ. ಈ ಕಾಯಿಲೆಯಲ್ಲಿ ಪದರ ಬೇಗ ಬೆಳೆದು, ಉದುರದೆ ಕೂರುತ್ತದೆ. ರೊಟ್ಟಿ ಮೇಲೆ ರೊಟ್ಟಿ ಪೇರಿಸಿದ ಹಾಗೆ.

"ಸರ್ಪದೋಷ" ಅಂತಾರೆ ಕೆಲವರು. "ಬಸುರಿಯಾಗಿದ್ದಾಗ ಗ್ರಹಣ ನೋಡಿದಳು" ಅಂತ ತಾಯಿಯನ್ನು ಬೈಯುತ್ತಾರೆ. ಎರಡೂ ಸುಳ್ಳು. ಮಗುವಿಗೆ ಅಪ್ಪನ ಮೂಗು, ಅಮ್ಮನ ಬಣ್ಣ ಬರುವುದಿಲ್ಲವೆ? ಇದೂ ಹಾಗೇ ಬರುತ್ತದೆ. ಒಂದು ಬಗೆಯಲ್ಲಿ ತಂದೆ ತಾಯಿ ಇಬ್ಬರಲ್ಲಿ ಒಬ್ಬರಿಗಿದ್ದರೆ ಸಾಕು. ಇನ್ನೊಂದು ಬಗೆ ಗುಟ್ಟಾಗಿ ಬರುತ್ತದೆ. ಗಂಡನ ಕೈಯೂ ನಯ, ಹೆಂಡತಿಯ ಕೈಯೂ ನಯ. ದೋಷ ಮಾತ್ರ ಇಬ್ಬರ ಮೈಯಲ್ಲೂ ಅಡಗಿರುತ್ತದೆ. ಸೋದರಮಾವನಿಗೆ, ಅತ್ತೆ ಮಗನಿಗೆ ಹೆಣ್ಣು ಕೊಟ್ಟಾಗ ಹೀಗಾಗುವ ಸಂಭವ ಹೆಚ್ಚು. ಹಾಗಿರುವಾಗ ಸೊಸೆಯೊಬ್ಬಳನ್ನೇ ದೂರುವುದು ಯಾವ ನ್ಯಾಯ?

ಯುರೋಪಿನಲ್ಲಿ ಮ್ಲ್ಯೆಟ್ ಎಂಬ ದ್ವೀಪ ಇದೆ. ಅದು ಕ್ರೊಯೇಷಿಯಾ ದೇಶಕ್ಕೆ ಸೇರಿದ್ದು. ಅಲ್ಲಿಯ ಕೆಲವರಿಗೆ ಇಂಥ ಕಾಯಿಲೆ ಇದೆ ಎಂದು 1826ರಲ್ಲೇ ಒಬ್ಬ ಡಾಕ್ಟರು ಬರೆದರು. ಸುತ್ತ ಸಮುದ್ರ. ಮದುವೆ ಅಲ್ಲಲ್ಲೇ. ಹಾಗಾಗಿ ಕಾಯಿಲೆ ಅಲ್ಲೇ ಉಳಿಯಿತು. 

ಈ ಕಾಯಿಲೆ ಅಂಟುವುದಿಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ ಅಂಟುವುದಿಲ್ಲ. ಇದು ಕುಷ್ಠವೂ ಅಲ್ಲ. ಕುಷ್ಠದ ಮಚ್ಚೆಯಲ್ಲಿ ಸ್ಪರ್ಶ ತಿಳಿಯುವುದಿಲ್ಲ. ಅದಕ್ಕೂ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಮಾತ್ರೆ ಇದೆ, ವಾಸಿಯಾಗುತ್ತದೆ. ಯಾವುದು ಏನೆಂದು ಡಾಕ್ಟರೇ ನೋಡಿ ಹೇಳಬೇಕು.

ಒಂದು ಬಗೆಯಲ್ಲಿ ಹಲ್ಲಿಗೂ ತೊಂದರೆ ಇದೆ. ವಸಡು ಊದುತ್ತದೆ. ನಾಲ್ಕೈದು ವರ್ಷಕ್ಕೇ ಹಾಲುಹಲ್ಲು ಉದುರುತ್ತವೆ. ಆಮೇಲೆ ಬಂದ ಹಲ್ಲೂ ನಿಲ್ಲುವುದಿಲ್ಲ. ಕೈ ದಪ್ಪ, ಹಲ್ಲು ಸಡಿಲ ಎರಡೂ ಕಂಡರೆ ಹಲ್ಲಿನ ಡಾಕ್ಟರಿಗೂ ಬೇಗ ತೋರಿಸಿ.

ಕಾಯಿಲೆ ಪೂರ್ತಿ ಹೋಗುವುದಿಲ್ಲ. ನೋವು ಮಾತ್ರ ಕಡಿಮೆ ಮಾಡಬಹುದು. ಉಗುರು ಬೆಚ್ಚಗಿನ ನೀರಲ್ಲಿ ಕಾಲು ನೆನೆಸಿ. ಮೆತ್ತಗಾದ ಮೇಲೆ ಕಾಲುಜ್ಜುವ ಕಲ್ಲಿನಿಂದ ಹಗುರವಾಗಿ ಉಜ್ಜಿ. ಒದ್ದೆ ಇರುವಾಗಲೇ ವ್ಯಾಸಲೀನು ಹಚ್ಚಿ. ಪದರ ಕರಗಿಸುವ ಮುಲಾಮನ್ನು ಡಾಕ್ಟರು ಬರೆದುಕೊಡುತ್ತಾರೆ. ಬ್ಲೇಡು ಹಾಕಿ ಕೊಯ್ಯಬೇಡಿ, ಕೀವಾದೀತು. ಮೆತ್ತನೆ ಚಪ್ಪಲಿ ಹಾಕಿಕೊಳ್ಳಿ.

ಕೆಲವರಿಗೆ ಅಸಿಟ್ರೆಟಿನ್ ಎಂಬ ಮಾತ್ರೆ ಕೊಡುತ್ತಾರೆ. ಹೆಂಗಸರು ಇಲ್ಲಿ ಎಚ್ಚರ. ಬಸುರಿಯರು ಇದನ್ನು ನುಂಗಲೇಬಾರದು, ಹೊಟ್ಟೆಯಲ್ಲಿರುವ ಮಗು ಊನವಾಗುತ್ತದೆ. ಮಾತ್ರೆ ಬಿಟ್ಟ ಮೇಲೂ ಮೂರು ವರ್ಷ ಬಸುರಾಗಬಾರದು. ಮಕ್ಕಳಾಗುವ ವಯಸ್ಸಿನವರು ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಹೇಳಬೇಕು.

ಇನ್ನು ಹೆಬ್ಬೆಟ್ಟಿನ ಮಾತು. ನೀವು ಹೆಬ್ಬೆಟ್ಟು ಬಿಟ್ಟು ರುಜು ಹಾಕಲು ಕಲಿತಿರಿ. ಆದರೆ ಪಡಿತರದ ಅಂಗಡಿಯ ಯಂತ್ರ ಮತ್ತೆ ಹೆಬ್ಬೆಟ್ಟನ್ನೇ ಕೇಳುತ್ತದೆ! ಚರ್ಮ ದಪ್ಪವಾದರೆ ಅದಕ್ಕೆ ಗೆರೆ ಕಾಣದೆ ಹೋಗಬಹುದು. ಆಧಾರಿನಲ್ಲಿ ಕಣ್ಣಿನ ಗುರುತೂ ಇರುತ್ತದೆ. ಬೆರಳು ಹಿಡಿಯದಿದ್ದರೆ ಬರಿಗೈಲಿ ಬರಬೇಡಿ. ಕಣ್ಣಿನ ಗುರುತಿನಿಂದಲೋ, ಮೊಬೈಲಿಗೆ ಬರುವ ಅಂಕಿಯಿಂದಲೋ ಅಕ್ಕಿ ಕೊಡಿ ಎಂದು ಕೇಳಿ.