ಮಾವನವರ ಚಂಡೆಗೂ ಸೈ, ಮಗನ ರಾಕ್‌ಗೂ ಸೈ
ಮನೆಗೆ ಸ್ಟೀರಿಯೋ ಆಂಪ್ಲಿಫೈಯರ್ ಆರಿಸುವ ಬಗೆ

ಮಿಕ್ಸಿ ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ! ಮೋಟರು ಎಷ್ಟು ವ್ಯಾಟಿನದು, ತೆಂಗಿನಕಾಯಿ ನುಣ್ಣಗಾಗುತ್ತದೆಯೆ, ಉದ್ದು ಹಾಕಿದರೆ ಬಿಸಿಯಾಗುತ್ತದೆಯೆ, ರಿಪೇರಿ ಊರಿನಲ್ಲೇ ಆಗುತ್ತದೆಯೆ ಎಂದು ಹತ್ತು ಪ್ರಶ್ನೆ. ಆದರೆ ಮನೆಗೆ ಹಾಡಿನ ಪೆಟ್ಟಿಗೆ ತರುವ ಮಾತು ಬಂದಾಗ ಮಾತ್ರ, "ಅದು ಗಂಡಸರ ಬಾಬ್ತು, ನಮಗೇನು ತಿಳಿಯುತ್ತದೆ?" ಎಂದು ಸುಮ್ಮನಾಗುತ್ತೇವೆ. ಹಣ ಹೋಗುವುದು ಮನೆಯದೇ ಅಲ್ಲವೆ?

ನಾನೂ ಹಾಗೆಯೇ ಸುಮ್ಮನಿದ್ದವಳು. ಅದಕ್ಕೆ ದಂಡ ತೆತ್ತ ಮೇಲೆ ಈ ಲೇಖನ ಬರೆಯುತ್ತಿದ್ದೇನೆ.

ನಮ್ಮದು ಶಿರೂರು. ಮಾವನವರಿಗೆ ಯಕ್ಷಗಾನವೆಂದರೆ ಪ್ರಾಣ. ನವೆಂಬರ್‌ನಿಂದ ಮೇ ತನಕ ಮೇಳಗಳ ಹಿಂದೆ ಊರೂರು ತಿರುಗಿದವರು. ಈಗ ಮೊಣಕಾಲು ನೋವು, ರಾತ್ರಿ ನಿದ್ದೆಗೆಡಲು ಡಾಕ್ಟರು ಬಿಡುವುದಿಲ್ಲ. ಇನ್ನು ಆಟ ಏನಿದ್ದರೂ ಮನೆಯೊಳಗೇ. ಮಗನಿಗೆ ಇಂಗ್ಲಿಷ್ ರಾಕ್ ಬೇಕು. ನನಗೆ ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ಎರಡು ಭಾವಗೀತೆ ಕೇಳಿದರೆ ಸಾಕು. ಮೂವರಿಗೂ ಆಗಲಿ ಎಂದು ಚೀಟಿ ಹಣ ಎತ್ತಿದ ವರ್ಷ ಪೇಟೆಯ ಒಂದು ಅಂಗಡಿಯಿಂದ ದೊಡ್ಡದೊಂದು ಸೆಟ್ಟು ತಂದೆವು. ಡಬ್ಬದ ಮೇಲೆ ಸಾವಿರಾರು ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. "ರಾಕ್‌ಗೆ ಇದೇ ಬೇಕು" ಎಂದರು ಅಂಗಡಿಯವರು.

ಮೊದಲ ದಿನವೇ ಮಾವ ಮುಖ ಸಪ್ಪಗೆ ಮಾಡಿದರು. "ಭಾಗ್ವತ್ರ್ ಎಂತ ಹೇಳ್ತ್ರ್ ಅಂದೇ ಗೊತ್ತಾತಿಲ್ಲ ಮಗಾ, ಬರೀ ಗುಂಯ್ ಗುಂಯ್" ಎಂದರು. ಮಗ ಬಾಸ್ ತಿರುವಿ, ವಾಲ್ಯೂಮ್ ಏರಿಸಿ ಕೇಳಿದ. ಮೂರನೆಯ ತಿಂಗಳಿಗೆ ಬಲಗಡೆಯ ಪೆಟ್ಟಿಗೆಯಲ್ಲಿ ತಾಳದ ಸದ್ದೇ ಇಲ್ಲ! ಬಿಚ್ಚಿ ನೋಡಿದ ರಿಪೇರಿಯವರು ಟ್ವೀಟರ್ ಸುಟ್ಟಿದೆ ಎಂದರು. ಆಮೇಲೆ ನಾನು ಪಟ್ಟುಹಿಡಿದು ಅವರನ್ನು ಕೇಳಿ, ಮಗನಿಂದ ಓದಿಸಿ, ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಆಂಪ್ಲಿಫೈಯರ್ ಮಾಡುವ ಕೆಲಸ

ಮೊಬೈಲು, ಕ್ಯಾಸೆಟ್ ಡೆಕ್, ಸಿ.ಡಿ. ಇವುಗಳಿಂದ ಬರುವ ಸಂಕೇತ ಬಹಳ ಸಣ್ಣದು. ಅದನ್ನು ಸ್ಪೀಕರಿನ ಕಾಗದದ ಹಾಳೆ ಅಲುಗಾಡುವಷ್ಟು ದೊಡ್ಡದು ಮಾಡುವುದೇ ಆಂಪ್ಲಿಫೈಯರ್. ಒಲೆಯ ಉರಿ ಎಂದುಕೊಳ್ಳಿ, ಸ್ಪೀಕರು ಪಾತ್ರೆ. ಇದಕ್ಕೆ ರಾಕ್ ಯಾವುದು, ಭಜನೆ ಯಾವುದು ಎಂದು ಗೊತ್ತಿಲ್ಲ. ಒಳ್ಳೆಯ ಒಲೆಯಲ್ಲಿ ಪಾಯಸವೂ ಆಗುತ್ತದೆ, ಮೀನುಸಾರೂ ಆಗುತ್ತದೆ. ಆದ್ದರಿಂದ "ರಾಕ್‌ಗೆಂದೇ ಮಾಡಿದ ಆಂಪ್ಲಿಫೈಯರ್" ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆದರೆ ಒಂದೊಂದು ಸಂಗೀತ ಅದರಿಂದ ಒಂದೊಂದು ರೀತಿ ದುಡಿಸಿಕೊಳ್ಳುತ್ತದೆ ಎನ್ನುವುದು ನಿಜ.

ಯಾವ ಹಾಡಿಗೆ ಏನು ಬೇಕು?

ರಾಕ್ ಸಂಗೀತದಲ್ಲಿ ಡ್ರಮ್ಮು, ಬಾಸ್ ಗಿಟಾರು ಬಿಡುವಿಲ್ಲದೆ ನಡೆಯುತ್ತವೆ. ಬಾಸ್ ಗಿಟಾರಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ನಾದಕ್ಕೆ ದೊಡ್ಡ ಸ್ಪೀಕರು ಬೇಕೇ ಹೊರತು ಆಂಪ್ಲಿಫೈಯರಿನ ಬಾಸ್ ಗುಂಡಿಯಲ್ಲ. ಈಚಿನ ರಾಕ್ ಧ್ವನಿಮುದ್ರಣಗಳಲ್ಲಿ ಮೆಲ್ಲನೆಯದಕ್ಕೂ ಜೋರಿಗೂ ಅಂತರ ಕಡಿಮೆ. ಎಲ್ಲವೂ ಒಂದೇ ಸಮ ಜೋರು. ಹಾಗಾಗಿ ಗಂಟೆಗಟ್ಟಲೆ ಕಾವೇರದೆ ದುಡಿಯುವ ಯಂತ್ರ ಬೇಕು.

ಚಂಡೆಯ ಕಥೆಯೇ ಬೇರೆ. ಭಾಗವತರು ಮೆಲ್ಲಗೆ ಆಲಾಪನೆ ಮಾಡುತ್ತಿರುತ್ತಾರೆ, ಮದ್ದಳೆ ಮೃದುವಾಗಿ ಜೊತೆಗಿರುತ್ತದೆ, ತಟ್ಟನೆ ಚಂಡೆಯ ಪೆಟ್ಟು ಬೀಳುತ್ತದೆ! ಸಾಧಾರಣವಾಗಿ ಕೇಳುವಾಗ ಆಂಪ್ಲಿಫೈಯರ್ ಒಂದು ವ್ಯಾಟ್ ಕೊಟ್ಟರೆ ಧಾರಾಳ. ಆದರೆ ಸರಾಸರಿಗಿಂತ 20 ಡೆಸಿಬೆಲ್ ಮೇಲೆ ಹಾರುವ ಒಂದು ಪೆಟ್ಟಿಗೆ ಆ ಕ್ಷಣ ನೂರು ಪಟ್ಟು ಶಕ್ತಿ ಬೇಕು. ಆ ಮೀಸಲು ಇಲ್ಲದಿದ್ದರೆ ಚಂಡೆ ತಗಡಿನ ಡಬ್ಬಿಯಾಗುತ್ತದೆ.

ಭಾವಗೀತೆಗೆ ಬೇಕಾದದ್ದು ಮಾತಿನ ಸ್ಪಷ್ಟತೆ. 1978ರಲ್ಲಿ ಬಂದ 'ನಿತ್ಯೋತ್ಸವ' ಕ್ಯಾಸೆಟ್ಟಿನಿಂದ ಮೊದಲ್ಗೊಂಡು ನಮ್ಮ ಸುಗಮ ಸಂಗೀತದ ಜೀವ ಕವಿಯ ಶಬ್ದದಲ್ಲಿದೆ. ಸಣ್ಣ ವಾಲ್ಯೂಮಿನಲ್ಲೂ ಶಬ್ದ ತಿಳಿಯಬೇಕು, ಹಿಂದೆ ಗುಂಯ್ ಎನ್ನುವ ಸದ್ದು ಇರಬಾರದು.

ಕನ್ನಡದಲ್ಲೇ ಎರಡೂ ಕೂಡಿದ್ದೂ ಉಂಟು. ಸಿ. ಅಶ್ವತ್ಥ್ ಹಾಡಿದ ಶಿಶುನಾಳ ಶರೀಫರ ಪದಗಳನ್ನು ಕೇಳದವರು ಯಾರು? ಅದೇ ಶರೀಫರನ್ನು ರಘು ದೀಕ್ಷಿತ್ ಗಿಟಾರು, ಡ್ರಮ್ಮುಗಳ ಜೊತೆ ಹಾಡುತ್ತಾರೆ. ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ. ಮಕ್ಕಳ ಸಂಗೀತ ಬರೀ ಗಲಾಟೆ ಎನ್ನುವ ಮೊದಲು ಇದನ್ನೊಮ್ಮೆ ಕೇಳಿ. ಆಂಪ್ಲಿಫೈಯರ್ ಪರೀಕ್ಷೆಗೂ ಈ ಜೋಡಿ ಚೆನ್ನ.

ಡಬ್ಬದ ಮೇಲಿನ ಸಂಖ್ಯೆಗೆ ಮರುಳಾಗಬೇಡಿ

ನಮ್ಮ ಸೆಟ್ಟಿನ ಮೇಲೆ ಬರೆದದ್ದು ಪಿ.ಎಂ.ಪಿ.ಓ. ವ್ಯಾಟ್. ಕಣ್ಣು ಮಿಟುಕಿಸುವಷ್ಟು ಹೊತ್ತಿನ ಲೆಕ್ಕ ಅದು, ಎಲ್ಲರೂ ಒಪ್ಪಿದ ಅಳತೆಯಲ್ಲ. ನೀವು ಕೇಳಬೇಕಾದ್ದು ಆರ್.ಎಂ.ಎಸ್. ವ್ಯಾಟ್: ಒಂದೊಂದು ಚಾನೆಲಿಗೆ, 8 ಓಮ್ ಸ್ಪೀಕರಿಗೆ, ಎರಡೂ ಚಾನೆಲ್ ಒಟ್ಟಿಗೆ ನಡೆಯುವಾಗ ಸತತವಾಗಿ ಎಷ್ಟು ಎಂದು. ಹನ್ನೆರಡು ಅಡಿ, ಹದಿನಾಲ್ಕು ಅಡಿಯ ಕೋಣೆಗೆ ಚಾನೆಲಿಗೆ 40ರಿಂದ 60 ವ್ಯಾಟ್ ಆರ್.ಎಂ.ಎಸ್. ಇದ್ದರೆ ಸಾಕು.

50ರ ಬದಲು 100 ವ್ಯಾಟಿನದು ತಂದರೆ ಸದ್ದು ಇಮ್ಮಡಿಯಾಗುವುದಿಲ್ಲ. ಹೆಚ್ಚುವುದು 3 ಡೆಸಿಬೆಲ್, ಅಂದರೆ 'ತುಸು ಜೋರಾಯಿತು' ಎನ್ನುವಷ್ಟೇ. ಕಿವಿಗೆ ಎರಡು ಪಟ್ಟು ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. ಬಾಸ್ ಗುಂಡಿಯನ್ನು 10 ಡೆಸಿಬೆಲ್ ಏರಿಸಿದರೂ ಕೆಳನಾದಗಳಿಗೆ ಅಷ್ಟೇ, ಹತ್ತು ಪಟ್ಟು ಹೊರೆ. ಹೊರಲಾರದ ಆಂಪ್ಲಿಫೈಯರ್ ನಾದದ ಅಲೆಯ ತುದಿಯನ್ನು ಕತ್ತರಿಸಿಬಿಡುತ್ತದೆ. ಆ ಕತ್ತರಿಸಿದ ಅಲೆಯಿಂದ ಹುಟ್ಟುವ ಕರ್ಕಶ ನಾದವೇ ಟ್ವೀಟರನ್ನು ಸುಡುವುದು. ನಮ್ಮ ಮನೆಯಲ್ಲಿ ಆದದ್ದೂ ಇದೇ. ತಪ್ಪು ಮಗನದ್ದೆಂದು ಅಂದು ಬೈದಿದ್ದೆ. ಅರ್ಧ ತಪ್ಪು ಆರಿಸಿದ ನಮ್ಮದು.

ಜೋಡಿ ಸರಿ ಇರಲಿ

ಸ್ಪೀಕರಿನ ಬೆನ್ನ ಮೇಲೆ ಎರಡು ಸಂಖ್ಯೆ ನೋಡಿ. ಒಂದು ಸೆನ್ಸಿಟಿವಿಟಿ. 86 ಡೆಸಿಬೆಲಿನ ಸ್ಪೀಕರಿಗಿಂತ 89ರದ್ದು ಅರ್ಧ ಶಕ್ತಿಯಲ್ಲೇ ಅಷ್ಟೇ ಸದ್ದು ಕೊಡುತ್ತದೆ. ಹಣ ಕಡಿಮೆಯಿದ್ದರೆ ವ್ಯಾಟಿಗಿಂತ ಸ್ಪೀಕರಿಗೆ ಹೆಚ್ಚು ಹಾಕಿ.

ಇನ್ನೊಂದು ಓಮ್. 8 ಓಮ್‌ಗೆ ಮಾತ್ರ ಮಾಡಿದ ಆಂಪ್ಲಿಫೈಯರಿಗೆ 4 ಓಮ್ ಸ್ಪೀಕರ್ ಹಾಕಿದರೆ ಬಿಸಿಯಾಗಿ ಕೈಕೊಡುತ್ತದೆ. ಹಿಂದೆ ಗಲ್ಫ್‌ನಿಂದ ಬಂದ ಸೆಟ್ಟಿನ ಸ್ಪೀಕರು ಅಟ್ಟದ ಮೇಲಿದ್ದರೆ ಓದಿ ನೋಡದೆ ಜೋಡಿಸಬೇಡಿ. "ಅಡಿಗೆಮನೆಗೂ ಒಂದು ಜೊತೆ ಎಳೆಯೋಣ" ಎಂದು ಅದೇ ತಂತಿಗೆ ಇನ್ನೊಂದು 8 ಓಮ್ ಜೊತೆ ಸೇರಿಸಿದರೂ ಒಟ್ಟು 4 ಓಮ್ ಆಗುತ್ತದೆ, ಎಚ್ಚರ!

ತಂತಿ ಸಿಕ್ಕಿಸುವಾಗ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದು ಕಡೆ ಅದಲುಬದಲಾದರೆ ಬಾಸ್ ಮಾಯವಾಗುತ್ತದೆ, ಹಾಡುವವರು ಎಲ್ಲಿದ್ದಾರೆಂದೇ ತಿಳಿಯುವುದಿಲ್ಲ.

ಕರಾವಳಿಯ ಮನೆಗೆ ಕೆಲವು ಮಾತು

ಸಿಮೆಂಟಿನ ನೆಲ, ಬೋಳು ಗೋಡೆಯ ನಮ್ಮ ಚಾವಡಿಗಳಲ್ಲಿ ಸದ್ದು ಮಾರ್ದನಿಗೊಂಡು ಮಾತು ಕಲಸಿಹೋಗುತ್ತದೆ. ದಪ್ಪ ಪರದೆ, ನೆಲಕ್ಕೊಂದು ಜಮಖಾನೆ ಹಾಕಿ ನೋಡಿ. ಸ್ಪೀಕರನ್ನು ಮೂಲೆಗೆ ಒತ್ತಿಡಬೇಡಿ, ಗೋಡೆಯಿಂದ ಒಂದಡಿ ಈಚೆಗಿಡಿ. ಗುಂಯ್ ಎನ್ನುವುದು ಅರ್ಧ ಇಳಿಯುತ್ತದೆ. ಇದಕ್ಕೆ ಕಾಸಿನ ಖರ್ಚಿಲ್ಲ.

ಆಂಪ್ಲಿಫೈಯರಿನ ಮೇಲೆ ಚೆಂದಕ್ಕೆಂದು ಕ್ರೋಶಾ ಹೊದಿಕೆ ಹಾಕುವ ಅಭ್ಯಾಸ ನನಗೂ ಇತ್ತು. ಬೇಡ, ಗಾಳಿಯಾಡಬೇಕು. ಎ-ಬಿ ಕ್ಲಾಸಿನವು ಹೆಚ್ಚು ಕಾಯುತ್ತವೆ. ಡಿ ಕ್ಲಾಸಿನ ಚಿಕ್ಕ ಪೆಟ್ಟಿಗೆಗಳು ಕಡಿಮೆ ಕಾಯುತ್ತವೆ, ಕರೆಂಟೂ ಕಡಿಮೆ ತಿನ್ನುತ್ತವೆ. ಎರಡರಲ್ಲೂ ಒಳ್ಳೆಯವು ಇವೆ. ಉಪ್ಪುಗಾಳಿಗೆ ತಂತಿಯ ತುದಿ ಹಸಿರುಗಟ್ಟುತ್ತದೆ. ಮಳೆಗಾಲ ಮುಗಿದ ಮೇಲೆ ತುದಿ ಕತ್ತರಿಸಿ ಹೊಸದಾಗಿ ಸುಲಿದು ಹಾಕಿ. ಗುಡುಗು ಕೇಳಿದರೆ ಪ್ಲಗ್ಗನ್ನೇ ಕಿತ್ತಿಡಿ. ಮೂರು ಪಿನ್ನಿನ ಪ್ಲಗ್ಗಾದರೆ ಅರ್ತಿಂಗ್ ಸರಿಯಿದೆಯೇ ನೋಡಿಸಿ.

ಕಿವಿಯ ಮಾತನ್ನೂ ಮರೆಯಬೇಡಿ. ಕೆಲಸದ ಜಾಗಗಳಲ್ಲಿ 85 ಡೆಸಿಬೆಲ್ ಸದ್ದಿಗೆ ದಿನಕ್ಕೆ 8 ಗಂಟೆ ಮಿತಿ ಎಂದು ತಜ್ಞರು ಹೇಳುತ್ತಾರೆ. 3 ಡೆಸಿಬೆಲ್ ಏರಿದಂತೆಲ್ಲ ಹೊತ್ತು ಅರ್ಧವಾಗಬೇಕು. ವಯಸ್ಸಾದವರಿಗೆ ಮೊದಲು ಮಂದವಾಗುವುದು ಮೇಲಿನ ನಾದ. ಅವರಿಗಾಗಿ ವಾಲ್ಯೂಮ್ ಏರಿಸುವುದಕ್ಕಿಂತ ಕುರ್ಚಿಯನ್ನು ಹತ್ತಿರ ಎಳೆದು, ಟ್ರೆಬಲ್ ತುಸು ಏರಿಸಿ.

ಅಂಗಡಿಗೆ ಹೋಗುವಾಗ (ಕತ್ತರಿಸಿ ಇಟ್ಟುಕೊಳ್ಳಿ)

1. ಚಾನೆಲಿಗೆ ಆರ್.ಎಂ.ಎಸ್. ಎಷ್ಟು, ಎಷ್ಟು ಓಮ್‌ಗೆ?
2. 4 ಓಮ್ ಸ್ಪೀಕರ್ ತಡೆಯುತ್ತದೆಯೆ?
3. ಬಾಸ್, ಟ್ರೆಬಲ್ ಗುಂಡಿ ಬೇರೆಬೇರೆ ಇವೆಯೆ?
4. ಮೊಬೈಲಿಗೆ ಬ್ಲೂಟೂತ್, ಟೀವಿಗೆ ಆಪ್ಟಿಕಲ್, ಹಳೆಯ ಕ್ಯಾಸೆಟ್ ಡೆಕ್ಕಿಗೆ ಆಕ್ಸ್ ಇವೆಯೆ? ಗ್ರಾಮಫೋನ್ ತಟ್ಟೆ ಕೇಳುವವರಾದರೆ 'ಫೋನೋ' ಜಾಗ ಬೇಕೇ ಬೇಕು.
5. ಹಾಡು ನಿಲ್ಲಿಸಿ ವಾಲ್ಯೂಮ್ ಅರ್ಧ ಏರಿಸಿದರೆ ಸ್ಪೀಕರಿನಲ್ಲಿ ಗುಂಯ್ ಸದ್ದು ಬರುತ್ತದೆಯೆ?
6. ರಿಪೇರಿ ಹತ್ತಿರದಲ್ಲಿ ಎಲ್ಲಿ?

ಅಂಗಡಿಯವರು ಹಾಕುವ ಹಾಡನ್ನು ಕೇಳಿ ಬರಬೇಡಿ. ಅದು ಸೆಟ್ಟಿಗೆ ಒಪ್ಪುವ ಹಾಡೇ ಆಗಿರುತ್ತದೆ. ನಿಮ್ಮ ಮನೆಯವರ ಮೂರು ಹಾಡು ಒಯ್ಯಿರಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಕೇಳಿ. ಮೆಲ್ಲಗಿರುವಾಗ ಮಾತು ತಿಳಿಯಬೇಕು, ಜೋರಾದಾಗ ಕಿವಿ ಚುಚ್ಚಬಾರದು.

ಎರಡನೆಯ ಸಲ ನಾನೇ ಹೋದೆ. ಮಗನ ರಾಕ್, ನನ್ನ ಭಾವಗೀತೆ, ಮಾವನವರಿಗಾಗಿ 1990ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ಗುಂಡ್ಮಿ ಕಾಳಿಂಗ ನಾವಡರ ಪದ, ಮೂರನ್ನೂ ಹಾಕಿಸಿದೆ. ಅಂಗಡಿಯ ಹುಡುಗ ನಕ್ಕ. ನಗಲಿ! ತಂದದ್ದು ಚಾನೆಲಿಗೆ 50 ವ್ಯಾಟಿನ ಚಿಕ್ಕ ಪೆಟ್ಟಿಗೆ, ಒಂದು ಜೊತೆ ಒಳ್ಳೆಯ ಸ್ಪೀಕರು. ಹಿಂದಿನದಕ್ಕಿಂತ ನೋಡಲು ಅರ್ಧದಷ್ಟೂ ಇಲ್ಲ.

ಸಂಜೆ ಏಳರ ತನಕ ಮಗನ ಪಾಳಿ, ಊಟದ ತನಕ ಮಾವನವರದ್ದು ಎಂದು ಹೊತ್ತು ಹಂಚಿಕೊಂಡಿದ್ದೇವೆ. ಮೊದಲ ರಾತ್ರಿ ಚಂಡೆಯ ಪೆಟ್ಟು ಬಿದ್ದಾಗ ಮಾವ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಪದದ ಸಾಲು ಮುಗಿಯುವ ಮುನ್ನ ಅವರ ತುಟಿಯಲ್ಲೂ ಅದೇ ಸಾಲು. "ಈಗ ಸಮ ಆಯ್ತ್ ಕಾಣ್" ಎಂದರು. ಅಂದಿನಿಂದ ಅವರು ಟ್ವೀಟರಿನ ಮಾತು ಎತ್ತಿಲ್ಲ, ನಾನೂ ಚೀಟಿ ಹಣದ ಮಾತು ಎತ್ತಿಲ್ಲ.