ಯಶಸ್ವಿನಿ: ಹೋದದ್ದು, ಮರಳಿದ್ದು

ಮಂಡ್ಯ ತಾಲ್ಲೂಕಿನ ಕೆರಗೋಡಿನಂಥ ಊರುಗಳಲ್ಲಿ ರೈತನಿಗೆ ಸೊಸೈಟಿ ಎಂದರೆ ಸಾಲ, ಗೊಬ್ಬರ. ಡೈರಿ ಎಂದರೆ ಹಾಲಿನ ದುಡ್ಡು. ಈ ಸದಸ್ಯತ್ವವೇ ಆಪರೇಷನ್ ಖರ್ಚಿಗೂ ಆಸರೆಯಾದದ್ದು 2003ರಲ್ಲಿ, ‘ಯಶಸ್ವಿನಿ’ ಜಾರಿಗೆ ಬಂದಾಗ. ಆರಂಭದ ವಂತಿಗೆ ತಿಂಗಳಿಗೆ 5 ರೂಪಾಯಿ.

ಇಷ್ಟರಲ್ಲಿ ಹೃದಯದ ಶಸ್ತ್ರಚಿಕಿತ್ಸೆ ಹೇಗೆ? ಲೆಕ್ಕ ಸರಳ. ವರ್ಷಕ್ಕೆ 60ರಂತೆ ಲಕ್ಷ ಜನ ಕೊಟ್ಟರೆ 60 ಲಕ್ಷ. ಆ ವರ್ಷ ಆಪರೇಷನ್ ಬೇಕಾಗುವವರು ಅವರಲ್ಲಿ ಕೆಲವರೇ. ಜೊತೆಗೆ ಸರ್ಕಾರದ ಪಾಲೂ ಇತ್ತು.

2018ರಲ್ಲಿ ಸರ್ಕಾರ ಇದನ್ನು ‘ಆರೋಗ್ಯ ಕರ್ನಾಟಕ’ದಲ್ಲಿ ವಿಲೀನಗೊಳಿಸಿತು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಉಚಿತ ಚಿಕಿತ್ಸೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30 ಮಾತ್ರ. ಎಪಿಎಲ್ ಕಾರ್ಡಿನ ಸಣ್ಣ ರೈತ ಉಳಿದ ಶೇ 70ನ್ನು ಎಲ್ಲಿಂದ ತರಬೇಕು? ಯಶಸ್ವಿನಿ ಮರಳಿ ಬೇಕೆಂದು ರೈತರು, ಸಹಕಾರಿಗಳು ಒತ್ತಾಯಿಸಿದರು.

ಹಿಂದಿನ ವರ್ಷ ಅಮೆರಿಕದಲ್ಲೂ ಇಂಥದೇ ಪ್ರಶ್ನೆ ಎದ್ದಿತ್ತು. 2010ರ ‘ಒಬಾಮಾ ಕೇರ್’ ಕಾಯ್ದೆಯನ್ನು ರದ್ದುಪಡಿಸುವ ಯತ್ನ ನಡೆದಾಗ ಜನ ಊರೂರ ಸಭೆಗಳಲ್ಲಿ ತಮ್ಮ ಪ್ರತಿನಿಧಿಗಳನ್ನು ತಡೆದು ಕೇಳಿದರು. 2017ರ ಜುಲೈ 28ರಂದು ಸೆನೆಟ್‌ನಲ್ಲಿ ಭಾಗಶಃ ರದ್ದತಿಯ ಪ್ರಸ್ತಾವ 49–51 ಮತಗಳಿಂದ ಬಿದ್ದುಹೋಯಿತು. ಯಾರು ಯಾವ ಕಡೆ ಎಂಬುದು ಎಲ್ಲರಿಗೂ ತಿಳಿಯಿತು.

ವ್ಯತ್ಯಾಸ ಇಲ್ಲಿದೆ. ಅದು ಕಾಯ್ದೆ, ತೆಗೆಯಲು ಮತದಾನ ಬೇಕು. ಯಶಸ್ವಿನಿ ಯೋಜನೆ, ತೆಗೆಯಲು ಆದೇಶ ಸಾಕು. ಆದರೂ ಒತ್ತಾಯ ವ್ಯರ್ಥವಾಗಲಿಲ್ಲ. 2022ರ ಬಜೆಟ್ ಮರುಜಾರಿಗೆ 300 ಕೋಟಿ ರೂಪಾಯಿ ಘೋಷಿಸಿತು. 2023ರ ಜನವರಿ 1ರಿಂದ ಚಿಕಿತ್ಸೆ ಮತ್ತೆ ಆರಂಭವಾಯಿತು.

ಯಾವುದೇ ಸೌಲಭ್ಯ ಸಿಕ್ಕಾಗ ಅದು ಕಾಯ್ದೆಯೋ, ಆದೇಶವೋ ಎಂದು ವಿದ್ಯಾರ್ಥಿಗಳು ಕೇಳಿ ತಿಳಿಯಬೇಕು. ಅದನ್ನು ಉಳಿಸಿಕೊಳ್ಳುವ ದಾರಿ ಆ ಉತ್ತರದಲ್ಲೇ ಇದೆ.